ನೀರುಗಂಟಿಯ ಫೋಟೋ, ಮಲ್ಲಣ್ಣನ ಹೊಂಬಾಳೆ

ನನಗಾಗ ಎಪ್ಪತ್ತೊಂದು. ಹೋದ ಬೇಸಿಗೆಯ ಮಾತು, ಇನ್ನೂ ವರ್ಷ ತುಂಬಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ನಮ್ಮೂರ ನೀರುಗಂಟಿ ಸಿದ್ದರಾಜು ಬಂದು ಜಗಲಿ ಮೇಲೆ ಕುಕ್ಕರಿಸಿದ.

"ಅಜ್ಜಿ, ನನ್ ಕೆಲ್ಸ ಹೋಯ್ತು ಅಂತ ಕಾಣ್ತದೆ."

"ಏನ್ಲಾ ಮಾಡ್ದೆ?"

"ಏನೂ ಮಾಡಿಲ್ಲ ಕಣಜ್ಜಿ. ವಾಲ್ ತಿರುಗ್ಸಿದ್ದು ನೀನೇ ನೋಡ್ದಲ್ಲ?"

ನೋಡಿದ್ದೆ. ಊರಿಗೆ ನೀರು ಬಿಡುವ ವಾಲ್ ಇರುವುದೇ ನಮ್ಮ ಮನೆ ಮುಂದೆ. ಈಗ ಪಂಚಾಯ್ತಿಯವರು ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಊರವರೆಲ್ಲ ಅದರಲ್ಲಿದ್ದಾರೆ, ಪಿಡಿಒ ಮೇಡಂ ಕೂಡ. (ನಾನೂ ಇದ್ದೇನೆ. ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಹೇಳುವುದಿದ್ದರೆ ವಾಯ್ಸ್ ಮೆಸೇಜ್.) ಸಿದ್ದರಾಜು ದಿನಾ ವಾಲ್ ತಿರುಗಿಸಿ ಅದರ ಫೋಟೋ ಗ್ರೂಪಿಗೆ ಹಾಕಬೇಕು. ಹಾಕುತ್ತಾನೆ.

ಅವತ್ತು ದಿಬ್ಬದ ಬೀದಿಯ ಜಯಮ್ಮ ಖಾಲಿ ಕೊಡಗಳ ಫೋಟೋ ಹಾಕಿದ್ದಳು. ಮೂರು ದಿನದಿಂದ ಹನಿ ನೀರಿಲ್ಲ ಅಂತ. ಅದರ ಕೆಳಗೆ ಬರೀ ಬೈಗುಳ. ನೀರುಗಂಟಿ ಹಳೇ ಫೋಟೋ ಹಾಕಿ ಮನೆಯಲ್ಲಿ ಮಲಗುತ್ತಾನೆ, ಇಂಥವನನ್ನು ಮೊದಲು ತೆಗೀರಿ. ಎಲ್ಲರಿಗಿಂತ ಜೋರು ನಮ್ಮ ಪಕ್ಕದ ಮನೆ ಮಲ್ಲಣ್ಣ. ಸಂಜೆಯೊಳಗೆ ಕಾರಣ ಹೇಳದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಮೇಡಂ ಬರೆದಿದ್ದರು. ಸಿದ್ದರಾಜುವಿನದು ಕಾಯಂ ಕೆಲಸವಲ್ಲ. ಬೇಡ ಅಂದರೆ ಮುಗಿಯಿತು.

ಹಿಂದೆ ನೀರು ಬರದಿದ್ದರೆ ಯಾರನ್ನು ಕೇಳುತ್ತಿದ್ದೆವು? ಸೆಕ್ರೆಟರಿ ಸಿಗುತ್ತಿರಲಿಲ್ಲ. ಸಿಕ್ಕರೂ ಬಾಯಿ ಬಿಡುತ್ತಿರಲಿಲ್ಲ. ಈಗ ಜಯಮ್ಮ ಒಲೆ ಮುಂದೆ ಕೂತೇ ಕೇಳುತ್ತಾಳೆ, ಮೇಡಂ ಊರೆದುರು ಉತ್ತರ ಕೊಡಬೇಕು. ಒಳ್ಳೆಯದೇ. ಆದರೆ ಊರೆಲ್ಲ ಸೇರಿ ಒಬ್ಬನ ಮೇಲೆ ಬೀಳುವುದೂ ಅಷ್ಟೇ ಸುಲಭವಾಗಿದೆಯಲ್ಲ?

ಅಷ್ಟರಲ್ಲಿ ಫೋನ್ ಟಿಣ್ ಎಂದಿತು. ಮತ್ತೆ ಮಲ್ಲಣ್ಣ. ಹಿತ್ತಲಲ್ಲಿ ನೆಟ್ಟ ಗಿಡ್ಡ ತಳಿ ತೆಂಗು ಮೊದಲ ಹೊಂಬಾಳೆ ಬಿಟ್ಟಿತ್ತು. ನಮ್ಮ ಕಡೆ ಅದು ಮಗು ಹೆಜ್ಜೆ ಇಟ್ಟಷ್ಟು ಸಂಭ್ರಮ, ನಾಲ್ಕು ಜನಕ್ಕೆ ತೋರಿಸದಿದ್ದರೆ ಜೀವ ತಡೆಯದು. ಬೈದ ಕೈಯಲ್ಲೇ ಅದರ ಫೋಟೋವನ್ನೂ ಹಾಕಿದ್ದ. ಹೊಂಬಾಳೆ ಚೆನ್ನಾಗಿತ್ತು. ಬುಡದಲ್ಲಿ ಪೈಪ್ ಬಿದ್ದಿತ್ತು, ಪಾತಿ ತುಂಬಿ ನೀರು ಹರಿಯುತ್ತಿತ್ತು.

ಒಂದಷ್ಟು ಹೆಬ್ಬೆರಳು ಬಿದ್ದವು. ಆಮೇಲೆ ಮೇಡಂ ಒಂದೇ ಸಾಲು ಬರೆದರು: "ಮಲ್ಲಣ್ಣನವರೇ, ಆ ಪೈಪ್ ಯಾವ ನಲ್ಲಿಯದು?"

ಮಲ್ಲಣ್ಣ ಫೋಟೋ ಅಳಿಸಿದ. ಅಳಿಸಿ ಏನು ಬಂತು, ಊರೇ ನೋಡಿಯಾಗಿತ್ತು.

ಮಧ್ಯಾಹ್ನ ಮೇಡಂ ಸಿದ್ದರಾಜುವನ್ನು ಕರೆದುಕೊಂಡು ಖುದ್ದಾಗಿ ಬಂದರು. ಒಂದೊಂದೇ ಹಿತ್ತಲು ನೋಡುತ್ತ ನಮ್ಮಲ್ಲಿಗೂ ಬಂದರು.

"ನಿಮ್ಮನೇಲೂ ಪೈಪ್ ಇದೆಯಾ ಅಜ್ಜಿ?"

"ಐತೆ ಕಣವ್ವ. ಈ ಬೀದೀಲಿ ಯಾರ್ ಮನೇಲಿಲ್ಲ? ಕೊಡ ತುಂಬಿದ್ ಮೇಲೆ ನಲ್ಲಿ ನಿಲ್ಸೋ ಅಭ್ಯಾಸ ನಮ್ಗಿಲ್ಲ, ತೆಂಗಿನ್ ಬುಡಕ್ಕೆ ಬುಡ್ತೀವಿ. ಇನ್ನು ದಿಬ್ಬಕ್ಕೆ ನೀರು ಹತ್ತೋದೆಲ್ಲಿ? ಇವ್ನು ವಾಲ್ ತಿರುಗ್ಸ್ತಾನೆ. ಮನೆಮನೆ ನಲ್ಲೀನೂ ಇವ್ನೇ ನಿಲ್ಸಕಾಯ್ತದಾ?"

ಮೇಡಂ ನಕ್ಕರು. "ಇದನ್ನೇ ಗ್ರೂಪಲ್ಲೂ ಹೇಳಿ ಅಜ್ಜಿ" ಎಂದರು. ಹೇಳಿದೆ. ಸಿದ್ದರಾಜುವಿನ ಕೆಲಸ ಉಳಿಯಿತು. ಮಲ್ಲಣ್ಣ ನನ್ನನ್ನು ಮಾತಾಡಿಸುವುದು ಬಿಟ್ಟ. (ಬಿಡಲಿ.)

ಮಾರನೇ ದಿನ ಬೆಳಿಗ್ಗೆ ಸಿದ್ದರಾಜು ಎಂದಿನಂತೆ ವಾಲ್ ಫೋಟೋ ಹಾಕಿದ. ನಾನು ಕೊಡ ತುಂಬಿಸಿ, ನಲ್ಲಿ ನಿಲ್ಲಿಸಿ, ಆ ನಿಂತ ನಲ್ಲಿಯ ಫೋಟೋ ತೆಗೆದು ಅವನದರ ಕೆಳಗೇ ಹಾಕಿದೆ.