ಗುಳಿಗೆಯ ಮೇಲೆ ಕುಡಿಸಿದ ಕಷಾಯ

ನಿಮ್ಮಮ್ಮ ಚೊಚ್ಚಲ ಹೆರಿಗೆಗೆಂದು ಹೊಸಹಳ್ಳಿಯ ನಮ್ಮ ಮನೆಗೆ ಬಂದಾಗ ಅವಳಿಗೆ ಏಳು ತಿಂಗಳು. ನಿಮ್ಮಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು, ನನಗಿದ್ದವಳು ಅವಳೊಬ್ಬಳೇ. ಕೂಡ್ಲಿಗಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ರಕ್ತ ಬಾಳ ಕಡಿಮಿ ಐತಿ. ಹಿಂಗ ಇದ್ರ ಹೆರಿಗಿ ಹೊತ್ತಿನ್ಯಾಗ ಜೀವಕ್ಕ ಅಪಾಯ" ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು.

ನಮ್ಮಲ್ಲಿ ಗುಳಿಗೆಯೆಂದರೆ ಉಷ್ಣ. ಅದರ ಮೇಲೆ ತಂಪಾದದ್ದೇನಾದರೂ ಹೊಟ್ಟೆಗೆ ಬೀಳಲೇಬೇಕು. ಪಕ್ಕದ ಮನೆಯ ಅಜ್ಜಿಯಂತೂ, "ಬರೇ ನೀರಿನ್ಯಾಗ ನುಂಗಸ್ತೀ ಏನ್ಬೇ? ಒಳಗಿನ ಕೂಸು ಸುಟ್ಟೀತು" ಎಂದು ಹೆದರಿಸಿದಳು. ಅದೇ ದಿನಗಳಲ್ಲಿ ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯೊಂದನ್ನು ಓದಿದ್ದೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮೈಯೊಳಗಿನ ಜೀವಕೋಶಗಳೂ ಹಾಳಾಗುತ್ತವಂತೆ. ದಾಳಿಂಬೆ ಸಿಪ್ಪೆಯ ಒಗರಿನಲ್ಲಿರುವ ಪಾಲಿಫಿನಾಲ್ ಎಂಬ ಅಂಶ ಅದನ್ನು ತಡೆಯುತ್ತದಂತೆ. ಏಳನೇ ತರಗತಿ ಓದಿದ ನನಗೆ ಅಚ್ಚಾದದ್ದೆಲ್ಲ ಮೇಷ್ಟ್ರ ಮಾತೇ. ಹೊಟ್ಟೆಗೆ ತಂಪೂ ಆದೀತೆಂದುಕೊಂಡು ಸಿಪ್ಪೆ ಒಣಗಿಸಿ, ಕುಟ್ಟಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಎರಡು ಹೊತ್ತೂ ಗುಳಿಗೆಯ ಜೊತೆಗೇ ಲೋಟ ತುಂಬ ಕುಡಿಸತೊಡಗಿದೆ.

"ಯವ್ವಾ, ನಾಲಿಗಿ ಚಕ್ಕಳ ಆಗೈತಿ. ಚಪ್ಪಲಿ ನೆಕ್ಕಿದಂಗ ಆಗತೈತಿ" ಎನ್ನುತ್ತಿದ್ದಳು.

"ಕುಡೀಲೇ, ಮಾತು ಬ್ಯಾಡ."

ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿದರೆ ರಕ್ತ ಏರಿರಲಿಲ್ಲ, ಇನ್ನೂ ಇಳಿದಿತ್ತು. "ಗುಳಿಗಿ ನುಂಗ್ತಿಯೋ, ಹಿತ್ತಲಕ್ಕ ಒಗೀತಿಯೋ?" ಎಂದು ಡಾಕ್ಟರು ಗದರಿದರು. ಅವಳು ಅತ್ತುಬಿಟ್ಟಳು. ಅವರು ನನ್ನ ಕಡೆ ತಿರುಗಿ, "ಮತ್ತೇನರ ಕೊಡ್ತೀರೇನಮ್ಮಾ?" ಎಂದರು. ಹಳ್ಳಿಯವಳ ಕಷಾಯ ಕೇಳಿ ನಕ್ಕಾರೆಂದು ನಾಚಿ, ಸೆರಗು ಬಾಯಿಗೆ ಹಿಡಿದು, ಇಲ್ಲವೆಂದು ತಲೆಯಾಡಿಸಿದೆ.

ಅವಳ ಕಾಲು ಊದಿಕೊಂಡವು. ಹೊಸ್ತಿಲು ದಾಟಿದರೆ ಏದುಸಿರು. ದಿಕ್ಕು ತೋಚದೆ ನಾನು ಕಷಾಯವನ್ನೇ ಇನ್ನಷ್ಟು ಗಟ್ಟಿ ಮಾಡಿದೆ.

ಒಂದು ಬೆಳಿಗ್ಗೆ ಅವಳಿಗೆ ಓಕರಿಕೆ ಬಂದು ಕೈಯಲ್ಲಿದ್ದ ಗುಳಿಗೆ ಲೋಟದೊಳಗೆ ಬಿತ್ತು. ಹಾಗೇ ಬಿಟ್ಟು ಮಲಗಿದಳು. ಮಧ್ಯಾಹ್ನ ತೊಳೆಯಲು ಎತ್ತಿಕೊಂಡರೆ ಕಷಾಯ ಮಸಿಯಂತೆ ಕಪ್ಪಾಗಿತ್ತು. ಹೊಟ್ಟೆಯೊಳಗೂ ಹೀಗೇ ಆಗುತ್ತಿದೆಯೆ? ಅದನ್ನು ಶೀಶೆಗೆ ಸುರಿದುಕೊಂಡು ಒಬ್ಬಳೇ ಬಸ್ಸು ಹತ್ತಿ ಕೂಡ್ಲಿಗಿಗೆ ಹೋದೆ. ಶೀಶೆಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ.

"ಏನಮ್ಮಾ ಇದು, ಮಸಿನಾ?"

ಆಗ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಈ ಒಗರು ಕಬ್ಬಿಣಾನ ಹಿಡಕೊಂಡು ಬಿಡತೈತಿ, ರಕ್ತಕ್ಕ ಸೇರಾಕ ಬಿಡಂಗಿಲ್ಲ. ಪೇಪರಿನ್ಯಾಗ ಬರದಿದ್ದು ಸುಳ್ಳಲ್ಲಮ್ಮಾ, ಗುಳಿಗಿ ಜೋಡಿ ಕೊಟ್ಟಿದ್ದು ತಪ್ಪಾತು. ಅವತ್ತ ಕೇಳಿದ್ನಲ್ಲ, ಯಾಕ ಹೇಳಲಿಲ್ಲ?"

ನಾನು ಶೀಶೆಯನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡೆ.

ಕಷಾಯ ನಿಲ್ಲಿಸಿ ಕಬ್ಬಿಣದ ಇಂಜೆಕ್ಷನ್ ಶುರು ಮಾಡಿದರು. ಆದರೆ ರಕ್ತ ಏರುವ ಮೊದಲೇ ನೋವು ಕಾಣಿಸಿಕೊಂಡಿತು. ಜೀಪಿನಲ್ಲಿ ಬಳ್ಳಾರಿಗೆ ಒಯ್ದೆವು. ಹೆರಿಗೆಯಲ್ಲಿ ಬಹಳ ರಕ್ತ ಹೋಯಿತು; ಕೂಡಲೇ ರಕ್ತ ಬೇಕೆಂದರು. ನನ್ನದು ಹೊಂದಲಿಲ್ಲ, ಸುದ್ದಿ ಕೇಳಿ ಓಡಿಬಂದಿದ್ದ ನಿಮ್ಮಪ್ಪನದು ಹೊಂದಿತು. ಅವರು ರಕ್ತ ಕೊಡಲು ಒಳಗೆ ಹೋದ ಮೇಲೆ ಪಡಸಾಲೆಯ ನೆಲದ ಮೇಲೆ ಕೂತೆ. ದೇವರ ಹೆಸರೂ ನೆನಪಾಗಲಿಲ್ಲ. "ಬ್ಯಾಡ ಯವ್ವಾ" ಎಂದು ಅವಳು ಮುಖ ತಿರುವಿದಾಗೆಲ್ಲ ಗದ್ದ ಹಿಡಿದು ಕುಡಿಸಿದ್ದೊಂದೇ ಕಣ್ಣಿಗೆ ಬರುತ್ತಿತ್ತು.

ಕೂಸು ಅಂಗೈಯಷ್ಟಿತ್ತು. ನಿಮ್ಮಲ್ಲಿ ಹಿರಿಯವಳು ಅವಳೇ. ನಿಮ್ಮಮ್ಮ ಮರುದಿನ ಕಣ್ಣು ಬಿಟ್ಟಳು, ತುಟಿ ಅರಳೆಯಂತೆ ಬಿಳುಚಿಕೊಂಡಿತ್ತು. ಅವಳ ಕಾಲ ಹತ್ತಿರ ನಿಂತು, "ನಾ ಕುಡಿಸಿದ ಕಷಾಯನ ನಿನಗ ಹಿಂಗ ಮಾಡಿದ್ದು" ಎಂದೆ.

"ಗೊತ್ತೈತಿ ಯವ್ವಾ" ಎಂದಳು. "ಕಷಾಯಕ್ಕ ನನಗ ಸಿಟ್ಟಿಲ್ಲ. ಡಾಕ್ಟರು ನನ್ನ ಬೈಯೋವಾಗ ಕಷಾಯದ ಮಾತು ಎತ್ತದ ನೀ ಸುಮ್ಮನ ನಿಂತ್ಯಲ್ಲ, ಸಿಟ್ಟು ಅದಕ್ಕ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು.