ರಾಣಿಗೆ ಕೇಳಿಸಬಾರದ ಮಾತು

ಶಾಲೆಯ ನಾಟಕಕ್ಕೆ ಮುಂಚೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಹೈಸ್ಕೂಲಿನ ಶಿಕ್ಷಕಿ ಬಾಯಾರು ಕರೆಯಲು ಬಂದಾಗ ಮೊಣಕಾಲು ನೋವಿನ ನೆವ ಹೇಳಿದೆ. ಖರೆ ಕಾರಣ ಬೇರೆಯೇ ಇತ್ತು. ಅದನ್ನು ಬಚ್ಚಿಟ್ಟು ಬಚ್ಚಿಟ್ಟು ಈಗ ದಣಿದಿದ್ದೇನೆ.

ನಾನು ಮೆಟ್ರಿಕ್ ಮುಗಿಸಿದ ವರ್ಷ ನವಲಗುಂದದಲ್ಲಿ ನಮ್ಮ ಇಂಗ್ಲಿಷ್ ಮಾಸ್ತರು ಒಂದು ನಾಟಕ ಆಡಿಸಿದರು. ನಾಲ್ಕು ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ನಾಟಕಗಳ ಧಾಟಿಯಲ್ಲಿ ಅವರೇ ಬರೆದದ್ದು. ಪದ್ಧತಿಯೂ ಅಲ್ಲಿಯದೇ ಆಗಬೇಕೆಂದು ಅವರ ಹಟ. ಪರದೆ ಇಲ್ಲ, ಮಟಮಟ ಮಧ್ಯಾಹ್ನದ ಆಟ. ಒಬ್ಬ ಕಂದೀಲು ಹಿಡಿದು ಬಂದರೆ ಕತ್ತಲಾಯಿತೆಂದು ತಿಳಿಯಬೇಕು. ಹೆಣ್ಣು ಪಾತ್ರಕ್ಕೂ ಗಂಡಸರೇ.

"ಕೊನಿಗೆ ಲಗ್ನ ಆದ್ರ ನಗೀ ನಾಟಕ, ಹೆಣ ಬಿದ್ರ ಅಳೂ ನಾಟಕ. ನಮ್ಮದರಾಗ ಎರಡೂ ಅದಾವ. ಎರಡರ ಊಟಾನೂ ಸಿಗತೈತಿ, ಹೆದರಬ್ಯಾಡ್ರಿ," ಎನ್ನುತ್ತಿದ್ದರು ಮಾಸ್ತರು.

ನನ್ನದು ವಿದೂಷಕನ ಪಾತ್ರ. ಅರಮನೆಯಲ್ಲಿ ರಾಜನಿಗೆ ಖರೆ ಹೇಳುವ ಸಲಿಗೆ ಅವನೊಬ್ಬನಿಗೇ. ರಾಣಿಯಾದವನು ನನ್ನ ಜೀವದ ಗೆಳೆಯ, ಜಮಖಾನ ನೇಯುವ ಮನೆಯವನು. ಅವರಲ್ಲಿ ಮಗ್ಗದ ಮುಂದೆ ಕೂರುವವರು ಹೆಂಗಸರು. ಗಂಡಸರು ನೂಲು ತರುತ್ತಾರೆ, ಜಮಖಾನ ಮಾರುತ್ತಾರೆ, ನೇಯ್ದರೆ ಮಾತ್ರ ನಗೆಪಾಟಲು. ಅವನ ತಾಯಿಯ ಬೆರಳುಗಳು ಸೆಟೆದುಹೋಗಿದ್ದವು. ಬಾಗಿಲು ಹಾಕಿಕೊಂಡು ಅವನೇ ನೇಯುತ್ತಿದ್ದ. ಇದನ್ನು ನನ್ನೊಬ್ಬನಿಗೆ ಹೇಳಿದ್ದ.

"ಲೇ, ನೀ ಬಾಯಿ ಬಿಟ್ಟಿ ಅಂದ್ರ ನಾ ಸತ್ತೆ."

ತಾಲೀಮಿನಲ್ಲಿ ಮಾಸ್ತರು ನಮಗೆ 'ಸ್ವಗತ' ಕಲಿಸಿದರು. ಜನರ ಕಡೆ ಮುಖ ಮಾಡಿ ಆಡುವ ಮಾತು ಅದು. ಊರಿಗೆಲ್ಲ ಕೇಳಬೇಕು, ಬಾಜು ನಿಂತ ಪಾತ್ರಕ್ಕೆ ಕೇಳಿಸಬಾರದು. "ಕೇಳಿಸಿದವರಂಗ ಕುತ್ತಿಗಿ ಹೊಳ್ಳಿಸಿದ್ರ ನಾಟಕ ಸತ್ತಂಗ," ಎಂದು ಗೆಳೆಯನಿಗೆ ಮತ್ತೆ ಮತ್ತೆ ಎಚ್ಚರಿಸಿದ್ದರು.

ಆಟದ ದಿನ ರಾಣಿ ನಡೆದು ಬಂದಾಗ ಚಪ್ಪಾಳೆ ನಿಲ್ಲಲಿಲ್ಲ. ಅಷ್ಟರೊಳಗೆ ನನ್ನ ಎರಡು ನಗೆಮಾತು ನೆಲಕಚ್ಚಿದ್ದವು. ಹೊಟ್ಟೆಕಿಚ್ಚು, ಬೇರೇನಲ್ಲ. ಜನರ ಕಡೆ ತಿರುಗಿ, ಮಾಸ್ತರು ಬರೆಯದ ಮಾತೊಂದನ್ನು ಸ್ವಗತದಲ್ಲಿ ಅಂದೆ:

"ಈ ರಾಣೀಗೆ ಬಳುಕೂದು ಯಾರು ಕಲಿಸ್ಯಾರ್ರಿ? ಬಾಗಲಾ ಹಾಕ್ಕೊಂಡು ಅವ್ವನ ಮಗ್ಗದಾಗ ಜಮಖಾನ ನೇಯ್ದು ನೇಯ್ದು ತಾನ ಕಲತಾಳ್ರಿ!"

ಜನ ಬಿದ್ದು ಬಿದ್ದು ನಕ್ಕರು. ಹಗಲಾದ್ದರಿಂದ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಅವನು ಕುತ್ತಿಗೆ ಹೊರಳಿಸಲಿಲ್ಲ. ರಾಣಿಗೆ ಕೇಳಿಸಬಾರದಲ್ಲ! ತನ್ನ ಮುಂದಿನ ಮಾತನ್ನು ತಪ್ಪಿಲ್ಲದೆ ಹೇಳಿದ.

ಅವನಿಗೆ ಗೊತ್ತುಮಾಡಿದ್ದ ಹೆಣ್ಣಿನ ಸಂಬಂಧ ಮುರಿಯಿತು. ಸಂತೆಗೆ ಹೋದರೆ "ರಾಣೀಸಾಹೇಬ್ರು ಬಂದ್ರು, ದಾರಿ ಬಿಡ್ರಲೇ!" ತಾಯಿ ಮಗ್ಗ ಬಿಚ್ಚಿಸಿದಳು. ಅವನು ಮತ್ತೆ ಬಣ್ಣ ಹಚ್ಚಲಿಲ್ಲ, ನನ್ನೊಡನೆ ಜಗಳಕ್ಕೂ ಬರಲಿಲ್ಲ. ಎದುರಾದಾಗಲೆಲ್ಲ ಅದೇ ಮುಖ, ಏನೂ ಕೇಳಿಸದವನ ಮುಖ. ನಾನೂ ಅದನ್ನೇ ಅನುಕೂಲವೆಂದುಕೊಂಡು ಮುದುಕನಾದೆ.

ಬಾಯಾರು ಬಂದುಹೋದ ಮರುದಿನ ಅವನ ಮನೆಗೆ ಹೋದೆ. ನಡುವೆ ಇದ್ದದ್ದು ಎರಡೇ ಓಣಿ. ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಆರಿಸುತ್ತ ಕೂತಿದ್ದ.

"ನಂದು ತಪ್ಪಾತೋ ದೋಸ್ತ," ಎಂದೆ.

ಚಹಾ ಪೂರ್ತಿ ಕುಡಿದು ಬಸಿ ಕೆಳಗಿಟ್ಟ.

"ಅವತ್ತ ಊರಿಗೆಲ್ಲಾ ಕೇಳೂಹಂಗ ಅಂದಿ. ಇವತ್ತ ನನಗೊಬ್ಬಗ ಕೇಳೂಹಂಗ ಅಂತಿ. ಭಾಳ ಶಾಣ್ಯಾ ಅದೀ ಲೇ."

ಎದ್ದು ಒಳಗೆ ಹೋದ. ನಾನು ನೇರವಾಗಿ ಶಾಲೆಗೆ ಹೋಗಿ, ಬರುತ್ತೇನೆಂದು ಬಾಯಾರಿಗೆ ಹೇಳಿದೆ.

ನಾಟಕದ ದಿನ ಹುಡುಗಿಯರೇ ಮೀಸೆ ಹಚ್ಚಿಕೊಂಡು ರಾಜರಾಗಿ ನಿಂತಿದ್ದರು. ಅಂಗಳದ ತುಂಬ ಜನ. ಅವನು ಕೊನೆಯ ಸಾಲಿನಲ್ಲಿದ್ದ. ಬಾಯಾರ ಕೈಯಲ್ಲಿ ನಾನೇ ಹೇಳಿಕಳಿಸಿದ್ದೆ, ಬಂದಾನೆಂಬ ನಂಬಿಕೆ ಇರಲಿಲ್ಲ. ವಿದೂಷಕ, ಕಂದೀಲು, ಸ್ವಗತ ಎಲ್ಲ ವಿವರಿಸಿದ ಮೇಲೆ, ಅಂದು ನಾನು ಆಡಿದ ಮಾತು, ಅದು ಯಾರ ಗುಟ್ಟು, ಯಾಕೆ ಆಡಿದೆ ಎಂಬುದನ್ನೂ ಹೇಳಿದೆ. ಯಾರೂ ನಗಲಿಲ್ಲ.

ಹಿಂದಿನಿಂದ ಅವನ ದನಿ ಬಂತು.

"ಇಲ್ಲೀತನಾ ಕೇಳಸವಲ್ದು. ಮತ್ತೊಮ್ಮೆ ಅನ್ನು."

ಮೊದಲಿನಿಂದ ಮತ್ತೆ ಹೇಳಿದೆ.