ಜಪಾನಿನ ಚಿಪ್ಪು

ನನಗಾಗ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಕುಶಾಲನಗರದ ಹತ್ತಿರದ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಜಪಾನಿನ ಮೆಷಿನ್ ಕೆಟ್ಟು ನಿಂತಿತು. ಬೀಜ ಮೇಲಿಂದ ಬೀಳುವಾಗಲೇ ಬಣ್ಣ ನೋಡಿ, ಕರಿ ಬೀಜವನ್ನು ಗಾಳಿ ಊದಿ ಆಚೆ ತಳ್ಳುವ ಮೆಷಿನ್ ಅದು. ಅದು ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದವರು ನಾವು ಹೆಂಗಸರು. ಅದು ಬಂದ ಮೇಲೆ ಮನೆಗೆ ಕಳಿಸಿದ್ದರು. ಈಗ ಮತ್ತೆ ಕರೆದರು. ಹೋಗಿ ಕೂತೆವು. ಸೊಂಟ ಹಳೆಯದಾಗಿತ್ತು, ಕಣ್ಣು ಮಂಜಾಗಿತ್ತು, ಬೀಜ ಮಾತ್ರ ಹಾಗೇ ಇತ್ತು.

ಹಾಜರಿ, ಲೆಕ್ಕ ಬರೆಯುವ ರೈಟರು ಹೇಳಿದರು: "ಒಳಗಿನ ಕಾರ್ಡ್ ಸುಟ್ಟೋಗಿದೆ. ಅದಕ್ಕೆ ಹಾಕೋ ಚಿಪ್ಪು ಜಪಾನಲ್ಲೇ ಸಿಕ್ತಿಲ್ವಂತೆ. ಬರೋಗಂಟ ನೀವೇ ಆರಿಸ್ಬೇಕು."

"ಚಿಪ್ಪಾ ಸಾರ್? ನಮ್ಮ ಹಿತ್ಲಲ್ಲಿ ತೆಂಗಿನ ಚಿಪ್ಪು ಬೇಕಾದಷ್ಟು ಬಿದ್ದವೆ, ತಂದ್ಕೊಡ್ಲಾ?" ಅಂದಳು ನನ್ನ ಪಕ್ಕದವಳು. ಎಲ್ಲರೂ ನಕ್ಕರು. ಆಮೇಲೆ ನನ್ನ ಕಿವಿಯಲ್ಲಿ ಅಂದಳು: "ಆ ಚಿಪ್ಪು ಬಂದ್ರೆ ನಮ್ ಕೈಗೆ ಚಿಪ್ಪೇ ಕಣಕ್ಕ."

ಅವಳ ಗಂಡ ಹಾಸಿಗೆ ಹಿಡಿದಿದ್ದ. ಮಳೆಯಲ್ಲಿ ನೆನೆಯದೆ, ಸೂರಿನಡಿ ಕೂತು ಮಾಡುವ ಕೆಲಸ ಇದೊಂದೇ. ಚಿಪ್ಪು ಬರದಿರಲಿ ಎಂದು ದೇವರಿಗೆ ಹರಕೆ ಹೊತ್ತಳು.

ಮಳೆ ಹಿಡಿದ ಮೇಲೆ ಚಿಪ್ಪು ಬಂತು. ಮೈಸೂರಿನ ಮೆಕ್ಯಾನಿಕ್ ತಂದ. ತಲೆ ನರೆತವನು, ಮಾತುಗಾರ. ಕಾರ್ಡಿನ ಮೇಲೆ ಚಿಪ್ಪು ತಿಗಣೆಯ ಹಾಗೆ ಕಾಲು ಚಾಚಿ ಕೂತಿತ್ತು. ಅದನ್ನು ಮಾಡುವ ಜಾಗವನ್ನು ಫೋನಿನಲ್ಲಿ ತೋರಿಸಿದ. ಅಲ್ಲಿಯವರ ಮೈಯೆಲ್ಲ ಬಿಳಿ ಬಟ್ಟೆ, ಕಣ್ಣು ಮಾತ್ರ ಕಾಣುತ್ತಿತ್ತು.

"ಅಲ್ಲೂ ನಮ್ಮಂಗೇ ಧೂಳಾ ಸಾರ್?" ಅಂತ ಕೇಳಿದೆ.

"ಇಲ್ಲಮ್ಮ. ಅವ್ರ ಮೈ ಧೂಳು ಚಿಪ್ಪಿಗೆ ತಾಕ್ಬಾರ್ದು ಅಂತ."

"ನಮ್ ಮೂಗಿಗೆ ತಾಕ್ದಾಗ ಯಾರೂ ಕೇಳ್ಳಿಲ್ಲ," ಅಂದೆ.

ಅವನು ನಕ್ಕು, ಕಾರ್ಡನ್ನು ಬೆಳ್ಳಿ ಬಣ್ಣದ ಚೀಲದೊಳಗಿಟ್ಟ. "ಬರಿಗೈಲಿ ಮುಟ್ಬೇಡಿ. ಮೈಯಲ್ಲಿರೋ ಕರೆಂಟಿಗೇ ಸತ್ತೋಗುತ್ತೆ," ಎಂದು ಹೇಳಿ ಚಹಾ ಕುಡಿಯಲು ಹೋದ.

ಪಕ್ಕದವಳು ನನ್ನ ಮುಖ ನೋಡಿದಳು. "ಅಕ್ಕ, ಒಂದ್ಸಲ ಮುಟ್ಲಾ?"

"ಮುಟ್ಟಿದ್ರೆ ಅವ್ರು ಇನ್ನೊಂದು ಮಾಡಿ ಕಳಿಸ್ತಾರೆ. ಎಷ್ಟಂತ ಮುಟ್ತೀಯೆ?"

ಕೇಳಲಿಲ್ಲ. ಚೀಲ ಬಿಡಿಸಿ ಹೆಬ್ಬೆಟ್ಟು ಒತ್ತಿದಳು, ಆಧಾರ್‌ಗೆ ಒತ್ತುವ ಹಾಗೆ ಗಟ್ಟಿಯಾಗಿ. ಮತ್ತೆ ಚೀಲ ಮುಚ್ಚಿದಳು.

ಅವನು ಬಂದು ಕಾರ್ಡ್ ಕೂರಿಸಿದ. ಸ್ವಿಚ್ ಹಾಕಿದ. ಮೆಷಿನ್ ಗುಂಯ್ ಅಂತು, ಕರಿ ಬೀಜ ಆಚೆ ಹಾರಿತು.

ನನಗೆ ತಡೆಯಲಾಗಲಿಲ್ಲ. "ಅಲ್ಲ ಸಾರ್, ಯಾರಾದ್ರೂ ಮುಟ್ಟಿದ್ರೆ ಸತ್ತೇ ಹೋಗುತ್ತಾ?"

"ಒಣ ಹವೆಯಾದ್ರೆ ಹೋಗ್ಬೋದು. ಈ ನಿಮ್ಮ ಮಳೆ ಥಂಡಿಗೆ ಮೈಯಲ್ಲಿ ಕರೆಂಟೆಲ್ಲಿ ನಿಲ್ಲುತ್ತಮ್ಮ?"

ರೈಟರು ಬಾಗಿಲಲ್ಲಿ ನಿಂತು, ನಾಳೆಯಿಂದ ಬರುವುದು ಬೇಡ ಅಂದರು. ಮೊದಲ ಸಲ ಹೇಳಿದ್ದೂ ಅದೇ ಬಾಗಿಲಲ್ಲಿ.

ಬಸ್ಸಿನಲ್ಲಿ ಅವಳು ಹೆಬ್ಬೆಟ್ಟನ್ನೇ ನೋಡುತ್ತ ಕೂತಿದ್ದಳು. "ನನ್ ಮೈಯಲ್ಲಿ ಕರೆಂಟೂ ಇಲ್ಲ ಅಂತಾಯ್ತಲ್ಲಕ್ಕ."

"ನಂದೂ ಯಾವತ್ತೋ ಹೋಯ್ತು. ಬೆಳಿಗ್ಗೆ ಬೇಗ ಎದ್ದು ಬಾ," ಅಂದೆ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಶುಂಠಿ ಹೊಲಕ್ಕೆ ಕಳೆ ಕೀಳಲು ಹೋದೆ. ಮಳೆ ಹೊಯ್ಯುತ್ತಿತ್ತು. ತಲೆಗೆ ಗೊಬ್ಬರದ ಚೀಲ ಹಾಕಿಕೊಂಡೆವು.